ವಿಜಯನಗರದಿಂದ ಇವಾಲಿಸ್‌ವರೆಗೆ: ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಆಡಿ ಮುಗಿಸಿದ್ದು

ಬೀರು ಖಾಲಿ ಮಾಡುವಾಗ ಹಳೇ ಪಿಎಸ್‌ಪಿ, ಅಂದರೆ ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಸೋನಿ ಯಂತ್ರ, ಸಿಕ್ಕಿತು. 2010ರಲ್ಲಿ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮುಚ್ಚಳ ಇಡ್ಲಿ ಹಾಗೆ ಉಬ್ಬಿತ್ತು. ಬ್ಯಾಟರಿ ಊದಿಕೊಂಡು ಅದನ್ನು ಹೊರಗೆ ತಳ್ಳಿತ್ತು. ಒಳಗೆ ಒಂದು ಡಿಸ್ಕ್ ಇನ್ನೂ ಕೂತಿತ್ತು: ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್, ದಿ ವಾರ್ ಆಫ್ ದಿ ಲಯನ್ಸ್. ಕಾಲೇಜಿನ ದಿನಗಳಲ್ಲಿ ಎರಡು ಯುದ್ಧ ಆಡಿ, ತಲೆಬುಡ ಅರ್ಥವಾಗದೆ ಬಿಟ್ಟಿದ್ದೆ.

ಅದು 2024ರ ಜೂನ್. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ, ಪಟ್ಟಂದೂರು ಅಗ್ರಹಾರದ ಹತ್ತಿರ ಆಫೀಸು. ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆದಮೇಲೆ ನಾನು ಬೈಕ್ ಬಿಟ್ಟಿದ್ದೆ. ಹೋಗುವಾಗ ಒಂದು ಗಂಟೆ ಮೇಲೆ, ಬರುವಾಗ ಒಂದು ಗಂಟೆ ಮೇಲೆ. ಅಷ್ಟು ಹೊತ್ತು ಫೋನ್ ಉಜ್ಜುತ್ತಾ ಕೂರುವುದು ಬೇಜಾರಾಗಿತ್ತು. ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಮೊದಲು ಸಿಕ್ಕ ಅಂಗಡಿಯವನು ಕೊಟ್ಟ ಬ್ಯಾಟರಿ ಎರಡೇ ದಿನಕ್ಕೆ ಕೈಕೊಟ್ಟಿತು. ವಾಪಸ್ ತಗೊಳ್ಳಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಜಾಸ್ತಿ ದುಡ್ಡು ಕೊಟ್ಟೆ, ಅದು ಇವತ್ತಿಗೂ ನಡೆಯುತ್ತಿದೆ.

ಸೋಮವಾರ ಬೆಳಗ್ಗೆ ರೈಲಿನಲ್ಲಿ ಸ್ವಿಚ್ ತಳ್ಳಿದೆ. ಡಿಸ್ಕ್ ಕಿರ್ರ್ ಅಂತ ಸುತ್ತಿತು. ಆಟ ಶುರುವಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಈ ಆಟ ಮೊದಲು ಬಂದದ್ದು 1997ರಲ್ಲಿ, ಮೊದಲ ಪ್ಲೇಸ್ಟೇಷನ್‌ಗೆ. ನಿರ್ದೇಶಕ ಯಾಸುಮಿ ಮಾತ್ಸುನೊ. ಪಿಎಸ್‌ಪಿಗೆ ಬಂದದ್ದು 2007ರಲ್ಲಿ. ಇವಾಲಿಸ್ ಅನ್ನುವ ರಾಜ್ಯ. ಐವತ್ತು ವರ್ಷದ ಯುದ್ಧ ಸೋತು ಮುಗಿದಿದೆ. ಈಗ ಸಿಂಹಾಸನಕ್ಕಾಗಿ ಒಳಗೊಳಗೇ ಕಚ್ಚಾಟ. ಯುದ್ಧ ನಡೆಯುವುದು ಚೌಕಗಳ ಮೇಲೆ, ಸರದಿಯಂತೆ. ನಿಮ್ಮ ಐದು ಜನ ಒಂದು ಕಡೆ, ಶತ್ರುಗಳು ಇನ್ನೊಂದು ಕಡೆ. ಸರದಿ ಆಟ ಆದ್ದರಿಂದ ಮೆಟ್ರೋಗೆ ಹೇಳಿ ಮಾಡಿಸಿದಂತಿದೆ. ಸ್ಟೇಷನ್ ಬಂದರೆ ಬಲಗಡೆಯ ಸ್ವಿಚ್ ಮೇಲಕ್ಕೆ ತಳ್ಳಿ ಮಲಗಿಸಿದರಾಯಿತು. ಸಂಜೆ ಎಬ್ಬಿಸಿದಾಗ ಎತ್ತಿದ ಕತ್ತಿ ಎತ್ತಿದ ಹಾಗೇ ಇರುತ್ತದೆ. ಕಷ್ಟ ಇರುವುದು ಬಿಸಿಲಿನದು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಜನ ಇಳಿದು ಸೀಟು ಸಿಗುತ್ತದೆ. ಅಲ್ಲಿಂದ ಕಬ್ಬನ್ ಪಾರ್ಕ್‌ವರೆಗೆ ಸುರಂಗ, ಪರದೆ ಚೆನ್ನಾಗಿ ಕಾಣುತ್ತದೆ. ಎಂ.ಜಿ. ರೋಡ್ ಹತ್ತಿರ ರೈಲು ಮೇಲೆ ಬಂದ ತಕ್ಷಣ ಎದುರು ಬಿಸಿಲು ಹೊಡೆದು ಏನೂ ಕಾಣುವುದಿಲ್ಲ. ಹಾಗಾಗಿ ದೊಡ್ಡ ನಿರ್ಧಾರಗಳನ್ನೆಲ್ಲ ನಾನು ನೆಲದಡಿಯಲ್ಲೇ ಮಾಡುತ್ತಿದ್ದೆ.

ಮೊದಲ ವಾರವೇ ಡಾರ್ಟರ್ ಅನ್ನುವ ಊರಿನಲ್ಲಿ ಸಿಕ್ಕಿಕೊಂಡೆ. ಈ ಆಟ ಆಡಿದ ಯಾರನ್ನೇ ಕೇಳಿ, ಡಾರ್ಟರ್ ಹೆಸರು ಹೇಳುತ್ತಾರೆ. ಮನೆಗಳ ಮಾಡಿನ ಮೇಲೆ ಬಿಲ್ಲುಗಾರರು. ಎತ್ತರದಲ್ಲಿ ನಿಂತರೆ ಬಾಣ ಇನ್ನೂ ದೂರ ಹೋಗುತ್ತದೆ. ಕೆಳಗೆ ಬೆಂಕಿ, ಮಿಂಚು ಎಸೆಯುವ ಮಾಂತ್ರಿಕರು. ನಾನು ಎಲ್ಲರನ್ನೂ ಒಟ್ಟಿಗೆ ಮುಂದಕ್ಕೆ ಓಡಿಸಿದೆ. ಒಬ್ಬೊಬ್ಬರೇ ಬಿದ್ದರು. ಮತ್ತೆ ಆಡಿದೆ, ಮತ್ತೆ ಬಿದ್ದರು. ಐದು ದಿನ ಅದೇ ಯುದ್ಧ.

ಆರನೇ ದಿನ ಹೊಸಹಳ್ಳಿ ದಾಟುವಾಗ ಅಜ್ಜಿ ನೆನಪಾದಳು.

ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ಅಜ್ಜಿ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡು-ಹುಲಿ ಆಡಿಸುತ್ತಿದ್ದಳು. ಹುಲಿಗೆ ದೊಡ್ಡ ಹುಣಸೆಬೀಜ, ಆಡಿಗೆ ಸಣ್ಣ ಕಲ್ಲು. ನನಗೆ ಯಾವಾಗಲೂ ಹುಲಿಯೇ ಬೇಕು. ಅಜ್ಜಿ ಆಡು ಹಿಡಿದು ನನ್ನನ್ನು ಸೋಲಿಸುತ್ತಿದ್ದಳು. ಆಡಿನ ಆಚೆ ಜಾಗ ಖಾಲಿ ಇದ್ದರೆ ಮಾತ್ರ ಹುಲಿ ಅದರ ಮೇಲೆ ಹಾರಿ ತಿನ್ನಬಹುದು. ಅಲ್ಲಿ ಇನ್ನೊಂದು ಆಡು ನಿಂತಿದ್ದರೆ ಹುಲಿಯ ಬಾಯಿ ಕಟ್ಟಿದಂತೆ. ‘ಬೆನ್ನು ಬಿಡಬೇಡ ಕಣೋ’ ಅನ್ನುತ್ತಿದ್ದಳು. ಅಷ್ಟೇ ಅವಳ ಪಾಠ.

ಈ ಆಟದಲ್ಲೂ ಬೆನ್ನೇ ಮುಖ್ಯ. ಸರದಿ ಮುಗಿಸುವಾಗ ಸೈನಿಕ ಯಾವ ದಿಕ್ಕಿಗೆ ನೋಡಬೇಕು ಅಂತ ನೀವೇ ಹೇಳಬೇಕು. ಗುರಾಣಿ ಎದುರಿಗೂ ಪಕ್ಕಕ್ಕೂ ಕೆಲಸ ಮಾಡುತ್ತದೆ, ಬೆನ್ನಿಗೆ ಇಲ್ಲ. ನಾನು ಅಲ್ಲಿಯವರೆಗೆ ದಿಕ್ಕು ನೋಡದೆ ಸುಮ್ನೆ ಬಟನ್ ಒತ್ತುತ್ತಿದ್ದೆ. ಅವತ್ತು ಐದೂ ಜನರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಶತ್ರುಗಳೇ ಇಳಿದು ಬರಲಿ ಅಂತ ಕಾದೆ. ಇನ್ನೊಂದು ಗುಟ್ಟೂ ಅವತ್ತೇ ತಿಳಿಯಿತು. ನಡೆಯದೆ, ಹೊಡೆಯದೆ ಸರದಿ ಬಿಟ್ಟುಕೊಟ್ಟರೆ ಮುಂದಿನ ಸರದಿ ಬೇಗ ಬರುತ್ತದೆ. ಎರಡೂ ಮಾಡಿದವನ ಗಡಿಯಾರ ನೂರು ಹಿಂದೆ ಹೋದರೆ, ಏನೂ ಮಾಡದವನದು ಅರವತ್ತು ಮಾತ್ರ. ಕಾಯುವುದಕ್ಕೂ ಬೆಲೆ ಕೊಡುವ ಆಟ ಇದು. ಬೈಯಪ್ಪನಹಳ್ಳಿ ಬರುವಷ್ಟರಲ್ಲಿ ಡಾರ್ಟರ್ ಗೆದ್ದಿದ್ದೆ.

ಅವತ್ತು ಸಂಜೆ ಆಟದೊಳಗಿನ ಸೈನಿಕರ ಸಂಘಕ್ಕೆ ಹೋಗಿ ಒಬ್ಬ ಹುಡುಗಿಯನ್ನು ಸೇರಿಸಿಕೊಂಡೆ. ಹೊಸಬರಿಗೆ ನಾವೇ ಹೆಸರಿಡಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ‘ಅಜ್ಜಿ’ ಅಂತ ಬರೆದೆ. ಕೆಮಿಸ್ಟ್ ಕೆಲಸ ಕೊಟ್ಟೆ. ಕೆಮಿಸ್ಟ್ ಅಂದರೆ ಮದ್ದಿನ ಚೀಲ ಹೊತ್ತವರು, ನಾಲ್ಕು ಮನೆ (ಚೌಕ) ದೂರದವರೆಗೆ ಔಷಧಿ ಎಸೆಯಬಲ್ಲವರು. ನಮ್ಮಜ್ಜಿ ನೆಗಡಿ ಬಂದವರ ಬಾಯಿಗೆಲ್ಲ ಕಷಾಯ ಸುರಿಯುತ್ತಿದ್ದವಳು. ಅವಳಿಗೆ ಬೇರೆ ಕೆಲಸ ಹೊಂದುತ್ತಿರಲಿಲ್ಲ.

ಕೆಮಿಸ್ಟ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಆಟದಲ್ಲಿ ಪ್ರತಿಯೊಬ್ಬರಿಗೂ ಎರಡು ಅಂಕಿ ಇರುತ್ತವೆ, ಬ್ರೇವ್ ಮತ್ತು ಫೇತ್. ಧೈರ್ಯ ಮತ್ತು ನಂಬಿಕೆ. ನಂಬಿಕೆ ಜಾಸ್ತಿ ಇದ್ದವನ ಮಂತ್ರ ಜೋರಾಗಿ ತಗಲುತ್ತದೆ. ಆದರೆ ಶತ್ರುವಿನ ಮಂತ್ರವೂ ಅವನಿಗೆ ಅಷ್ಟೇ ಜೋರಾಗಿ ತಗಲುತ್ತದೆ. ನಂಬಿಕೆ ಕಮ್ಮಿ ಇದ್ದವನಿಗೆ ಬೆಂಕಿಯೂ ಸುಡುವುದು ಕಮ್ಮಿ, ಗುಣಪಡಿಸುವ ಮಂತ್ರವೂ ಹತ್ತುವುದು ಕಮ್ಮಿ. ಔಷಧಿಗೆ ಇದ್ಯಾವುದೂ ಇಲ್ಲ. ಕೊಟ್ಟರೆ ಕೆಲಸ ಮಾಡುತ್ತದೆ, ಎಲ್ಲರಿಗೂ ಒಂದೇ ಸಮ. ಮಂತ್ರ ಹೇಳಿ ಮುಗಿಯುವವರೆಗೆ ಕಾಯಬೇಕು, ಮದ್ದಿಗೆ ಕಾಯುವ ಹಾಗಿಲ್ಲ. ಇಷ್ಟು ಸಣ್ಣ ನಿಯಮದೊಳಗೆ ಇಷ್ಟೊಂದು ಯೋಚನೆ ಇಟ್ಟ ಬೇರೆ ಆಟ ನಾನು ನೋಡಿಲ್ಲ.

ಇಲ್ಲಿಂದ ಕಥೆ ಹೇಳುತ್ತೇನೆ. ಗೊತ್ತಾಗುವುದು ಬೇಡ ಅನ್ನುವವರು ಆಡಿ ಬಂದು ಓದಿ.

ನಾಯಕ ರಾಮ್ಜಾ ದೊಡ್ಡ ಮನೆತನದ ಹುಡುಗ. ಅವನ ಗೆಳೆಯ ಡೆಲಿಟಾ. ಡೆಲಿಟಾನ ಅಪ್ಪ ಅಮ್ಮ ಪಿಡುಗಿನಲ್ಲಿ ಸತ್ತರು. ಅವನೂ ತಂಗಿ ಟಿಯೆಟ್ರಾಳೂ ರಾಮ್ಜಾನ ಮನೆಯಲ್ಲೇ ಬೆಳೆದವರು. ಒಂದೇ ತಟ್ಟೆಯಲ್ಲಿ ಉಂಡರೂ ಹುಟ್ಟು ಬೇರೆ. ಇವರು ಬೇಟೆಯಾಡುವ ದರೋಡೆಕೋರರು ಯಾರು ಅಂತ ನೋಡಿದರೆ, ಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿ ಸಂಬಳ ಸಿಗದೆ ಬೀದಿಗೆ ಬಿದ್ದ ಸೈನಿಕರು. ಅವರ ನಾಯಕ ವೀಗ್ರಾಫ್. ಅವನ ತಂಗಿ ಮಿಲ್ಯೂಡಾ ರಾಮ್ಜಾನ ಎದುರು ನಿಂತು, ನಮ್ಮನ್ನು ಮನುಷ್ಯರ ಹಾಗೆ ನೋಡಿದ್ದೀರಾ ಅನ್ನುವ ಅರ್ಥದಲ್ಲಿ ಕೇಳುತ್ತಾಳೆ. ರಾಮ್ಜಾನ ಬಳಿ ಉತ್ತರ ಇಲ್ಲ. ಆಮೇಲೆ ಅವಳನ್ನು ನಾವೇ ಕೊಲ್ಲಬೇಕು. ಬಟನ್ ಒತ್ತುವವನು ನಾನು. ಇಂದಿರಾನಗರ ಸ್ಟೇಷನ್ನು. ಬಾಗಿಲು ತೆರೆಯಿತು, ಮುಚ್ಚಿತು. ನಾನು ಸ್ವಲ್ಪ ಹೊತ್ತು ಒತ್ತಲೇ ಇಲ್ಲ.

ಮೊದಲ ಅಧ್ಯಾಯ ಮುಗಿಯುವುದು ಜೀಕ್ಡೆನ್ ಕೋಟೆಯಲ್ಲಿ. ಹಿಮ ಬೀಳುತ್ತಿರುತ್ತದೆ. ಟಿಯೆಟ್ರಾಳನ್ನು ಒಬ್ಬ ದರೋಡೆಕೋರ ಒತ್ತೆ ಹಿಡಿದಿದ್ದಾನೆ. ರಾಮ್ಜಾನ ಮಲ ಅಣ್ಣನೇ ಅಪ್ಪಣೆ ಕೊಡುತ್ತಾನೆ. ಮೊದಲು ನಮ್ಮ ಪಕ್ಕದಲ್ಲೇ ಹೋರಾಡಿದ್ದ ಆರ್ಗಾತ್ ಬಿಲ್ಲೆತ್ತಿ ಅವಳ ಎದೆಗೇ ಹೊಡೆಯುತ್ತಾನೆ. ಅವಳು ದೊಡ್ಡ ಮನೆಯವಳಲ್ಲ, ಅದಕ್ಕೆ ಹಿಂದೆಮುಂದೆ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ. ಮುಖದಲ್ಲಿ ಮೂಗನ್ನೂ ಬರೆಯದ ಪುಟ್ಟ ಗೊಂಬೆಗಳು ಇವು. ಆ ಗೊಂಬೆ ಹಿಮದಲ್ಲಿ ಬಿದ್ದಾಗ ನನ್ನ ಗಂಟಲು ಕಟ್ಟಿತು. ಕರ್ಣನ ಪ್ರಸಂಗ ನೋಡಿ ಬೆಳೆದವರಿಗೆ ಡೆಲಿಟಾ ಮುಂದೆ ಏನಾಗುತ್ತಾನೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕರ್ಣನಿಗೆ ಒಬ್ಬ ದುರ್ಯೋಧನನಾದರೂ ಸಿಕ್ಕಿದ್ದ. ಡೆಲಿಟಾ ಯಾರನ್ನೂ ನಂಬುವುದಿಲ್ಲ, ಎಲ್ಲರನ್ನೂ ಬಳಸಿಕೊಂಡು ಮೇಲೆ ಹತ್ತುತ್ತಾನೆ. ಆಟದ ಇತಿಹಾಸಕಾರ ನಾನೂರು ವರ್ಷದ ನಂತರ ಈ ಕಥೆ ಹೇಳುತ್ತಿದ್ದಾನೆ. ಜನ ನೆನೆಯುವುದು ಡೆಲಿಟಾನನ್ನು. ರಾಮ್ಜಾನನ್ನು ಧರ್ಮದ್ರೋಹಿ ಅಂತ ಬರೆದು ಅಳಿಸಿದ್ದಾರೆ.

ಪಿಎಸ್‌ಪಿ ಆವೃತ್ತಿಯ ಇಂಗ್ಲಿಷ್ ಹಳೇ ನಾಟಕದ ಇಂಗ್ಲಿಷ್. ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ವಾಕ್ಯಕ್ಕೆ ಎರಡು ಸಲ ಓದಬೇಕು. ರಾತ್ರಿ ಮನೆಯಲ್ಲಿ ಮೆಲ್ಲಗೆ ಬಾಯಿಬಿಟ್ಟು ಓದಿ ನೋಡಿದೆ, ಆಗ ರುಚಿ ಸಿಕ್ಕಿತು. ಕಂಪನಿ ನಾಟಕದ ರಾಜನ ಮಾತು ಕಿವಿಗೆ ಬಿದ್ದರೆ ಹೇಗೆ ಗತ್ತು ಗೊತ್ತಾಗುತ್ತದೋ ಹಾಗೆ. ಅರಮನೆಯವರ ಮಾತಿನ ಗತ್ತಿನಲ್ಲೇ ಅವರ ದರ್ಪ ಇದೆ. ಸರಳ ಇಂಗ್ಲಿಷ್‌ನಲ್ಲಿ ಇದು ಬರುತ್ತಿರಲಿಲ್ಲ ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಸೆಪ್ಟೆಂಬರ್‌ನಲ್ಲಿ ಮೂರನೇ ಅಧ್ಯಾಯದ ಕೊನೆಗೆ ಬಂದೆ. ರಿಯೊವೇನ್ಸ್ ಕೋಟೆ. ರಾಮ್ಜಾನ ತಂಗಿ ಆಲ್ಮಾಳನ್ನು ಬಿಡಿಸಿಕೊಂಡು ಬರಬೇಕು. ಒಂದರ ಹಿಂದೆ ಒಂದು ಮೂರು ಯುದ್ಧ, ನಡುವೆ ಹೊರಗೆ ಬರುವ ಹಾಗಿಲ್ಲ. ಕೋಟೆ ಬಾಗಿಲ ಮುಂದಿನ ಯುದ್ಧ ಗೆದ್ದೆ. ಸೇವ್ ಮಾಡುತ್ತೀರಾ ಅಂತ ಕೇಳಿತು. ಮಾಡಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಸೇವ್, ಅದರ ಮೇಲೇ ಬರೆದೆ.

ಒಳಗೆ ವೀಗ್ರಾಫ್ ಕಾಯುತ್ತಿದ್ದ. ತಂಗಿಯನ್ನು ಕಳೆದುಕೊಂಡ ಅದೇ ವೀಗ್ರಾಫ್, ಈಗ ಚರ್ಚಿನ ನೈಟ್. ಅವನ ಎದುರು ರಾಮ್ಜಾ ಒಬ್ಬನೇ ನಿಲ್ಲಬೇಕು. ಉಳಿದವರಿಗೆ ಆ ಕೋಣೆಗೆ ಪ್ರವೇಶ ಇಲ್ಲ. ನನ್ನ ರಾಮ್ಜಾನನ್ನು ನಾನು ಕಪ್ಪು ಮಾಂತ್ರಿಕ ಮಾಡಿದ್ದೆ. ಹಿಂದೆ ನಿಂತು ಬೆಂಕಿ ಎಸೆಯುತ್ತಿದ್ದ, ಮುಂದೆ ನಿಂತವರು ಅವನನ್ನು ಕಾಯುತ್ತಿದ್ದರು. ಈಗ ಮುಂದೆ ಯಾರೂ ಇಲ್ಲ. ಮಂತ್ರ ಹೇಳಿ ಮುಗಿಯುವ ಮುಂಚೆ ವೀಗ್ರಾಫ್‌ನ ಕತ್ತಿ ಬೀಳುತ್ತಿತ್ತು. ಎರಡು ಏಟಿಗೆ ಮುಗಿಯಿತು. ಮತ್ತೆ ಶುರು ಮಾಡಿದೆ, ಎರಡು ಏಟು. ಅದು ಅಭಿಮನ್ಯುವಿನ ಸ್ಥಿತಿ. ಹಿಂದಕ್ಕೆ ಹೋಗಿ ತಯಾರಿ ಮಾಡೋಣ ಅಂದರೆ ದಾರಿ ಇಲ್ಲ, ಮುಂದಕ್ಕೆ ಹೋಗಲು ಬಲ ಇಲ್ಲ. ಎರಡು ವಾರ ಬೆಳಗ್ಗೆ ಸಂಜೆ ಅದೇ ಕೋಣೆ. ಎಷ್ಟು ಸಲ ಸೋತೆ ಅಂತ ಲೆಕ್ಕ ಇಡುವುದನ್ನೂ ಬಿಟ್ಟೆ.

ಆಟದ ಮೇಲೆ ನನ್ನ ದೊಡ್ಡ ತಕರಾರು ಇದೇ. ಕಷ್ಟದ ಯುದ್ಧ ಇಡಲಿ, ಬೇಡ ಅನ್ನುವುದಿಲ್ಲ. ಆದರೆ ಆಡುವವನ ಮೂವತ್ತು ನಲವತ್ತು ಗಂಟೆಯನ್ನು ಒಂದು ಸೇವ್‌ಗೆ ಕಟ್ಟಿಹಾಕುವುದು ತಪ್ಪು. ಇಲ್ಲಿ ಸೇವ್ ಮಾಡಿದರೆ ಹಿಂದಿರುಗಲಾಗದು ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಈ ಆಟ ಶುರು ಮಾಡುವವರಿಗೆ ಕೈ ಮುಗಿದು ಹೇಳುತ್ತೇನೆ: ಎರಡು ಮೂರು ಸೇವ್ ಇಟ್ಟುಕೊಳ್ಳಿ. ರಿಯೊವೇನ್ಸ್ ಬಾಗಿಲ ಹೊರಗೆ ಒಂದು ಬೇರೆಯೇ ಇರಲಿ.

ಒಂದು ತಿಂಗಳು ಪಿಎಸ್‌ಪಿ ಮುಟ್ಟಲಿಲ್ಲ. ದಸರಾ ಕಳೆದ ಮೇಲೆ ಮೊದಲಿನಿಂದ ಶುರು ಮಾಡಿದೆ. ಹಳೇ ಸೇವ್ ಅಳಿಸುವಾಗ ಪಟ್ಟಿಯಲ್ಲಿ ಅಜ್ಜಿ ಹೆಸರು ನೋಡಿದೆ. ಬೇಸರವಾಯಿತು. ಹೊಸ ಆಟದಲ್ಲೂ ಮೊದಲು ಮಾಡಿದ ಕೆಲಸ ಸಂಘಕ್ಕೆ ಹೋಗಿ ಒಬ್ಬಳನ್ನು ಸೇರಿಸಿ ಅದೇ ಹೆಸರಿಟ್ಟದ್ದು.

ಎರಡನೇ ಸಲ ಆಟವೇ ಬೇರೆಯಾಗಿ ಕಂಡಿತು. ಮೊದಲ ಸಲ ಬೆನ್ನಟ್ಟಿದ್ದು ಲೆವೆಲ್ಲು ಮಾತ್ರ. ಈ ಸಲ ಗೊತ್ತಾಗಿದ್ದು, ಈ ಆಟದ ಜೀವ ಇರುವುದು ಕಸುಬುಗಳಲ್ಲಿ. ಯಾರು ಬೇಕಾದರೂ ಹೆಚ್ಚುಕಮ್ಮಿ ಯಾವ ಕಸುಬನ್ನು ಬೇಕಾದರೂ ಕಲಿಯಬಹುದು. ಕಲಿತದ್ದನ್ನು ಬೇರೆ ಕಸುಬಿಗೆ ಹೊತ್ತೊಯ್ಯಬಹುದು. ಒಬ್ಬ ಒಂದು ಕೆಲಸ ಮಾಡಿದರೆ ಅವನ ಜೊತೆ ಕಣದಲ್ಲಿದ್ದ ಉಳಿದವರಿಗೂ ಆ ಕಸುಬಿನ ಅನುಭವ ಸ್ವಲ್ಪ ಬರುತ್ತದೆ. ಪಕ್ಕದಲ್ಲಿದ್ದು ನೋಡಿ ಕಲಿಯುವುದು ಅಂತಾರಲ್ಲ, ಅದು. ಕಥೆಯಲ್ಲಿ ಆರ್ಗಾತ್‌ನಂಥವರು ಹುಟ್ಟೇ ಎಲ್ಲ ಅನ್ನುತ್ತಾರೆ. ನಿಯಮಗಳು ಆ ಮಾತನ್ನು ಪ್ರತಿ ಯುದ್ಧದಲ್ಲೂ ಸುಳ್ಳು ಮಾಡುತ್ತವೆ. ಹೆಸರಿಲ್ಲದ ಕೂಲಿ ಸೈನಿಕಳೊಬ್ಬಳು ಕೋಟೆ ಯಜಮಾನನಿಗಿಂತ ಮೇಲಾಗಬಹುದು. ಇದನ್ನು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಆಡುತ್ತಾ ಕೈಗೆ ಗೊತ್ತಾಗುತ್ತದೆ. ನನಗೆ ಈ ಆಟ ದೊಡ್ಡದು ಅನ್ನಿಸುವುದು ಇದಕ್ಕೇ.

ಕೊರತೆಗಳೂ ಇವೆ. ಪಿಎಸ್‌ಪಿಯಲ್ಲಿ ಮಂತ್ರ ಹಾಕುವಾಗಲೆಲ್ಲ ಪರದೆ ಎಳೆದೆಳೆದು ಓಡುತ್ತದೆ. ದ್ವಿತೀಯಾರ್ಧದಲ್ಲಿ ಹನ್ನೆರಡು ರಾಶಿಗಳ ಕಲ್ಲು, ಅದರೊಳಗಿನ ರಾಕ್ಷಸರು ಬಂದು ರಾಜಕೀಯದ ಕಥೆಯನ್ನು ಪಕ್ಕಕ್ಕೆ ತಳ್ಳುತ್ತವೆ. ಸಂಬಳ ಸಿಗದ ಸೈನಿಕರ ಸಿಟ್ಟು ರಾಕ್ಷಸನಿಗಿಂತ ದೊಡ್ಡ ವಿಷಯವಾಗಿತ್ತು, ಅದನ್ನು ಹಾಗೇ ಬಿಟ್ಟುಬಿಟ್ಟರು ಅನ್ನಿಸಿತು. ನಾಲ್ಕನೇ ಅಧ್ಯಾಯದಲ್ಲಿ ಆರ್ಲಾಂಡೋ ಅನ್ನುವ ಮುದುಕ ಸೇರುತ್ತಾನೆ. ಅವನೊಬ್ಬನಿದ್ದರೆ ಉಳಿದ ನಾಲ್ವರು ಬೇಡ, ಅಷ್ಟು ಬಲ. ಅವನನ್ನು ನಾನು ಕಣಕ್ಕೆ ಇಳಿಸಲೇ ಇಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ರಿಯೊವೇನ್ಸ್. ಈ ಸಲ ಹೊರಗೆ ಒಂದು ಸೇವ್ ಭದ್ರವಾಗಿತ್ತು. ರಾಮ್ಜಾನನ್ನು ಅವನ ಮೂಲ ಕಸುಬು ಸ್ಕ್ವೈರ್‌ಗೆ ತಂದಿದ್ದೆ, ಜೊತೆಗೆ ಬರಿಗೈಯಲ್ಲಿ ಕಾದಾಡುವ ಮಾಂಕ್ ಕಸುಬಿನ ವಿದ್ಯೆ ಕಲಿಸಿದ್ದೆ. ವೀಗ್ರಾಫ್ ಹತ್ತಿರ ಬಂದಾಗಲೆಲ್ಲ ದೂರ ಓಡಿದೆ. ಪ್ರತಿ ಸರದಿಗೂ ಟೇಲ್‌ವಿಂಡ್. ಅದು ರಾಮ್ಜಾನ ವೇಗವನ್ನು ಒಂದೊಂದೇ ಏರಿಸುತ್ತದೆ. ಏಟು ಬಿದ್ದರೆ ಚಕ್ರ ಅನ್ನುವ ಮಾಂಕ್ ವಿದ್ಯೆಯಿಂದ ಸುಧಾರಿಸಿಕೊಳ್ಳುವುದು. ಮೊದಲು ಅವನಿಗೊಂದು ಸರದಿ, ನನಗೊಂದು. ಸ್ವಲ್ಪ ಹೊತ್ತಿಗೆ ಅವನಿಗೊಂದು, ನನಗೆ ಎರಡು. ಆಮೇಲೆ ಮೂರು. ಆಗ ಫೋಕಸ್ ಹಾಕಿ ತೋಳಿನ ಬಲ ಏರಿಸಿದೆ. ಕೆ.ಆರ್. ಪುರದಿಂದ ಹೂಡಿವರೆಗೆ ಬರೀ ಓಡಾಟ, ಒಂದೇ ಒಂದು ಏಟು ಹೊಡೆದಿರಲಿಲ್ಲ. ಪಟ್ಟಂದೂರು ಅಗ್ರಹಾರ ಬಂತು. ನಾನು ಇಳಿಯಲಿಲ್ಲ. ಕೊನೆಯ ಸ್ಟೇಷನ್‌ವರೆಗೆ ಹೋಗಿ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವನನ್ನು ಬೀಳಿಸಿದೆ.

ಬಿದ್ದ ವೀಗ್ರಾಫ್ ಬೆಲಿಯಾಸ್ ಅನ್ನುವ ರಾಕ್ಷಸನಾಗಿ ಎದ್ದ. ಅಷ್ಟರಲ್ಲಿ ನನ್ನವರೂ ಒಳಗೆ ಬಂದರು. ಅಜ್ಜಿಯೂ ಬಂದಳು. ಬೆಲಿಯಾಸ್‌ನ ಒಂದು ಮಂತ್ರಕ್ಕೆ ಮೂವರು ಕುಗ್ಗಿದರು, ಅಜ್ಜಿ ಬಿದ್ದಳು.

ಬಿದ್ದವರ ತಲೆಯ ಮೇಲೆ ಮೂರು ಅಂತ ಅಂಕಿ ಬರುತ್ತದೆ. ಅವರ ಸರದಿ ಬಂದಾಗಲೆಲ್ಲ ಒಂದು ಕಮ್ಮಿಯಾಗುತ್ತದೆ. ಅಂಕಿ ಮುಗಿಯುವುದರೊಳಗೆ ಯಾರಾದರೂ ಎಬ್ಬಿಸಬೇಕು. ಎಬ್ಬಿಸುವ ಮದ್ದು ಎಸೆಯಬಲ್ಲವಳು ನನ್ನ ತಂಡದಲ್ಲಿ ಅಜ್ಜಿಯೊಬ್ಬಳೇ. ಬಿಳಿ ಮಾಂತ್ರಿಕನ ಮಂತ್ರ ಇತ್ತು. ಅವನು ಶುರು ಮಾಡಿದ. ಹೇಳಿ ಮುಗಿಸುವ ಮೊದಲೇ ರಾಕ್ಷಸನ ಬಂಟನೊಬ್ಬ ಅವನನ್ನೂ ಕೆಡವಿದ. ಎರಡು. ಒಂದು. ಬೆಲಿಯಾಸ್‌ಗೆ ಇನ್ನೂ ಜೀವ ಇತ್ತು. ಅಜ್ಜಿ ಬಿದ್ದಿದ್ದ ಮನೆಯಲ್ಲಿ ಬೆಳಕು ಎದ್ದು, ಅವಳಿದ್ದ ಜಾಗದಲ್ಲಿ ಒಂದು ಹರಳು ತಿರುಗುತ್ತಾ ನಿಂತಿತು.

ಹೊರಗೆ ಸೇವ್ ಇತ್ತು. ಆಫ್ ಮಾಡಿ ಮತ್ತೆ ಆಡಬಹುದಿತ್ತು. ಬೆರಳು ಸ್ವಿಚ್ ಮೇಲೇ ಇತ್ತು. ಆದರೆ ರಾಮ್ಜಾ ಎರಡು ಮನೆ ಆಚೆ ನಿಂತಿದ್ದ. ಅವನನ್ನು ಹರಳಿನ ಮೇಲೆ ನಡೆಸಿದೆ. ಎರಡು ಆಯ್ಕೆ ಬಂದವು: ಕಳೆದುಕೊಂಡ ಬಲ ತುಂಬಿಕೊಳ್ಳುವುದು, ಇಲ್ಲ ಸತ್ತವಳ ವಿದ್ಯೆ ಪಡೆಯುವುದು. ಪಟ್ಟಿಯಲ್ಲಿ ಆಟೋ-ಪೋಷನ್ ಇತ್ತು. ನಾನೂರು ಅಂಕ ಕೂಡಿಸಿ ಅಜ್ಜಿಗೆ ಕಲಿಸಿದ್ದ ವಿದ್ಯೆ. ಅದನ್ನೇ ಆರಿಸಿದೆ. ಬೆಲಿಯಾಸ್ ಬಿದ್ದ ಮೇಲೆ ಸೇವ್ ಮಾಡಿದೆ.

ಅಜ್ಜಿಯ ಜಾಗಕ್ಕೆ ಬೇರೆ ಯಾರಿಗೂ ಆ ಹೆಸರು ಇಡಲಿಲ್ಲ. 2025ರ ಜನವರಿಯಲ್ಲಿ ಆಟ ಮುಗಿಸಿದೆ. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಇದರ ಹೊಸ ಆವೃತ್ತಿ, ದಿ ಇವಾಲಿಸ್ ಕ್ರಾನಿಕಲ್ಸ್, ಬಂತು. ಗೆಳೆಯರು ತಗೋ ಅನ್ನುತ್ತಿದ್ದಾರೆ. ತಗೊಳ್ಳುತ್ತೇನೆ, ಆದರೆ ಈ ಸೇವ್ ಅಳಿಸುವುದಿಲ್ಲ. ಆಟೋ-ಪೋಷನ್ ಇದ್ದವರು ಏಟು ಬಿದ್ದಾಗ ಚೀಲದಲ್ಲಿರುವ ಅಗ್ಗದ ಮದ್ದನ್ನೇ ಮೊದಲು ಕುಡಿಯುತ್ತಾರೆ. ಅದಕ್ಕೆ ಸಣ್ಣ ಮದ್ದೆಲ್ಲ ಮಾರಿ, ದೊಡ್ಡ ಎಕ್ಸ್-ಪೋಷನ್‌ಗಳನ್ನು ಮಾತ್ರ ತುಂಬಿಸಿ ಇಟ್ಟಿದ್ದೆ. ಕೊನೆಯ ಯುದ್ಧದಲ್ಲಿ ರಾಮ್ಜಾನಿಗೆ ಏಟು ಬಿತ್ತು. ನಾನು ಏನೂ ಒತ್ತಲಿಲ್ಲ, ಅವನಾಗಿಯೇ ಮದ್ದು ತೆಗೆದು ಕುಡಿದ. ಇನ್ನೊಂದು ಏಟು ಬಿತ್ತು, ಮತ್ತೆ ಕುಡಿದ.